ಕಂಪ್ಯೂಟರ್ ಸರಿಪಡಿಸುವ ನೆಪದಲ್ಲಿ ಅಪ್ಪನಿಗೆ ಮೋಸವಾಗಿದೆ. ಇನ್ನು ಮುಂದೆ ಅವರ ಕೈಗೆ ಕಂಪ್ಯೂಟರ್ ಕೊಡಬಹುದೇ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಮೈಸೂರಿನಲ್ಲಿರುವ 74 ವರ್ಷದ ನಿಮ್ಮ ತಂದೆ ನಿನ್ನೆ ಲ್ಯಾಪ್‌ಟಾಪಿನಲ್ಲಿ ಸುದ್ದಿ ಓದುತ್ತಿದ್ದಾಗ ಮೈಕ್ರೋಸಾಫ್ಟ್ ಹೆಸರಿನ ಎಚ್ಚರಿಕೆಯೊಂದು ಪರದೆ ತುಂಬ ಬಂದು, ಸೈರನ್ ಕೂಗತೊಡಗಿತು. ಅದರಲ್ಲಿದ್ದ ನಂಬರಿಗೆ ಅವರು ಫೋನ್ ಮಾಡಿದರು. ಆ ಕಡೆಯವನು ಎನಿಡೆಸ್ಕ್ ಎಂಬ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ತಂತ್ರಾಂಶ ಹಾಕಿಸಿ, ಸುಮಾರು ಒಂದು ಗಂಟೆ ಕಂಪ್ಯೂಟರನ್ನು ತಾನೇ ನಡೆಸಿ, ಮೂರು ವರ್ಷದ ರಕ್ಷಣೆಯ ಶುಲ್ಕವೆಂದು ಡೆಬಿಟ್ ಕಾರ್ಡಿನಿಂದ 9,999 ರೂಪಾಯಿ ಕಟ್ಟಿಸಿಕೊಂಡ. ಹಣ ವಾಪಸ್ ಬರುತ್ತದೆಯೇ, ಕಂಪ್ಯೂಟರ್ ಸುರಕ್ಷಿತವೇ, ಅದನ್ನು ಅವರಿಂದ ತೆಗೆದುಕೊಂಡುಬಿಡುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ವೃತ್ತಿ, ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ನಿವೃತ್ತರು. ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ತೆಗೆದುಕೊಳ್ಳಬೇಡಿ.

ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನೂ ನೆಟ್‌ಬ್ಯಾಂಕಿಂಗನ್ನೂ ತಡೆಹಿಡಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಯುವುದು ಸಾಧ್ಯವಾದರೆ ಅದು ಈ ದಾರಿಯಲ್ಲಿ ಮಾತ್ರ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಓಟಿಪಿ ಅಥವಾ ಕಾರ್ಡಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಆದ್ದರಿಂದ 9,999 ರೂಪಾಯಿ ಬಂದೇ ಬರುತ್ತದೆಂದು ನಾನು ಭರವಸೆ ಕೊಡಲಾರೆ, ಆದರೆ ಖಾತೆಯಲ್ಲಿ ಉಳಿದಿರುವ ಹಣಕ್ಕೆ ಈ ಎರಡು ಕರೆಗಳೇ ರಕ್ಷಣೆ.

ಕಂಪ್ಯೂಟರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿಯೇ ಇದೆ. ಇಂಟರ್ನೆಟ್ ಸಂಪರ್ಕ ಕಡಿದು, ಫೋಟೋ ಮತ್ತು ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ತೆಗೆದು, ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಎನಿಡೆಸ್ಕನ್ನು ತೆಗೆದುಹಾಕಿದರೆ ಸಾಕೆಂದು ಹಲವರು ಹೇಳುತ್ತಾರೆ. ಆದರೆ ಇಂಥವರು ಮಾಲೀಕರ ಒಪ್ಪಿಗೆಯಿಲ್ಲದೆ ಮತ್ತೆ ಒಳಬರಲು ಪಾಸ್‌ವರ್ಡ್ ಇಟ್ಟು ಹೋಗುವುದುಂಟು, ಬೇರೆ ಹೆಸರಿನ ಎರಡನೆಯ ರಿಮೋಟ್ ತಂತ್ರಾಂಶವನ್ನು ಸದ್ದಿಲ್ಲದೆ ಸೇರಿಸಿ ಹೋಗುವುದೂ ಉಂಟು. ಒಂದು ಗಂಟೆ ಬಹಳ ದೀರ್ಘ ಸಮಯ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿ. ಮೊಬೈಲಿನಲ್ಲಿಯೂ ಏನಾದರೂ ಹಾಕಿಸಿದ್ದಾನೆಯೇ ಎಂದು ತಪ್ಪದೆ ನೋಡಿ. ಫೋನಿನ ಪರದೆ ಅವನಿಗೆ ಕಂಡರೆ ಓಟಿಪಿಯನ್ನು ಬಾಯಿಬಿಟ್ಟು ಕೇಳುವ ಅಗತ್ಯವೇ ಇರುವುದಿಲ್ಲ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿಯೇ ಎನಿಡೆಸ್ಕಿನ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿದ್ದು ಈ ಕಾರಣಕ್ಕೆ.

ಇನ್ನು ನಿಮ್ಮ ತಂದೆಯವರ ವಿಷಯ. "ಇಷ್ಟು ಓದಿದವರು ಹೇಗೆ ನಂಬಿದರು" ಎಂದು ನೀವು ಬರೆದಿದ್ದೀರಿ. ಅವರು ಸುಮ್ಮನೆ ನಂಬಿರಲಾರರು. ಸಾಕ್ಷಿ ಕೇಳಿರುತ್ತಾರೆ, ಸಾಕ್ಷಿಯನ್ನು ತೋರಿಸಲಾಗಿರುತ್ತದೆ. ಈ ವಂಚಕರ ಪಾಠವೇ ಹಾಗಿದೆ. ಮೊದಲು ವಿಂಡೋಸ್ ತನ್ನ ಆಗುಹೋಗುಗಳನ್ನು ದಾಖಲಿಸಿಡುವ ಈವೆಂಟ್ ವ್ಯೂವರ್ (Event Viewer) ತೆರೆಸುತ್ತಾರೆ. ಅಲ್ಲಿ ಕೆಂಪು ಮತ್ತು ಹಳದಿ ಗುರುತಿನ ನೂರಾರು ದೋಷಗಳ ಸಾಲು ಕಾಣುತ್ತದೆ, ಪ್ರತಿಯೊಂದಕ್ಕೂ ದಿನಾಂಕ, ಸಮಯ ಬೇರೆ. ಆರೋಗ್ಯವಾಗಿರುವ ಯಾವ ವಿಂಡೋಸ್ ಯಂತ್ರದಲ್ಲಾದರೂ ಈ ಸಾಲು ಇದ್ದೇ ಇರುತ್ತದೆ, ಇದನ್ನು ಬರೆಯುತ್ತಿರುವ ನನ್ನ ಯಂತ್ರದಲ್ಲಿಯೂ ಇದೆ. ಆಮೇಲೆ ಆದೇಶಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) 'ಟ್ರೀ' (tree) ಎಂಬ ಆದೇಶ ಕೊಡುತ್ತಾರೆ. ಫೋಲ್ಡರುಗಳ ಹೆಸರುಗಳು ಸರಸರನೆ ಮೇಲಕ್ಕೆ ಓಡುತ್ತಿರುವಾಗಲೇ ವಂಚಕ ತನ್ನ ಕೀಲಿಮಣೆಯಲ್ಲಿ "ಹ್ಯಾಕ್ ಆಗಿದೆ" ಎಂಬರ್ಥದ ಸಾಲನ್ನು ಒತ್ತಿಡುತ್ತಾನೆ, ಓಟ ನಿಂತ ಕೂಡಲೇ ಕಂಪ್ಯೂಟರೇ ತೀರ್ಪು ಕೊಟ್ಟಿತೇನೋ ಎಂಬಂತೆ ಆ ಸಾಲು ಕೆಳಗೆ ಮೂಡುತ್ತದೆ. ಮೂರನೆಯದು ಇನ್ನೂ ಚತುರ. ಅದೇ ಕಿಟಕಿಯಲ್ಲಿ ಕೊಡುವ 'ಅಸೋಕ್' (assoc) ಎಂಬ ಆದೇಶದ ಉತ್ತರದಲ್ಲಿ 888ಡಿಸಿಎ60 ಎಂದು ಶುರುವಾಗುವ ಉದ್ದನೆಯ ಸಂಖ್ಯೆಯೊಂದಿರುತ್ತದೆ. ಅದನ್ನು ಆತ ಫೋನಿನಲ್ಲಿ ಮೊದಲೇ ಓದಿ ಹೇಳಿ, "ನಿಮ್ಮ ಪರದೆಯಲ್ಲಿ ಇದೇ ಇದೆಯೇ ನೋಡಿ, ಇದು ನಿಮಗೂ ಮೈಕ್ರೋಸಾಫ್ಟಿಗೂ ಮಾತ್ರ ಗೊತ್ತಿರುವ ಲೈಸೆನ್ಸ್ ಸಂಖ್ಯೆ" ಎನ್ನುತ್ತಾನೆ. ಲೋಕದ ಎಲ್ಲ ವಿಂಡೋಸ್ ಯಂತ್ರಗಳಲ್ಲಿಯೂ ಅದು ಒಂದೇ ಸಂಖ್ಯೆ ಎಂಬುದು ಕೇಳುವವರಿಗೆ ಹೇಗೆ ತಿಳಿಯಬೇಕು? ಜೀವನವಿಡೀ ಲೆಕ್ಕಪತ್ರ ತಾಳೆ ನೋಡಿದ ಅಧಿಕಾರಿಯೊಬ್ಬರು ಸಂಖ್ಯೆ ತಾಳೆಯಾದ ಮೇಲೆ ನಂಬದೆ ಇರುವುದೇ ಕಷ್ಟ.

ಈ ಪಾಠ ವರ್ಷಗಟ್ಟಲೆ ಅಮೆರಿಕದ ಮುದುಕರ ಮೇಲೆ ತಿದ್ದಿ ತೀಡಿದ್ದು. 2023ರಲ್ಲಿ ಎಫ್‌ಬಿಐಗೆ ಬಂದ ಇಂಥ ದೂರುಗಳಲ್ಲಿನ ನಷ್ಟ 92 ಕೋಟಿ ಡಾಲರಿಗೂ ಹೆಚ್ಚು. ಕರೆಗಳಲ್ಲಿ ಬಹಳಷ್ಟು ಹೋದದ್ದು ನಮ್ಮ ದೇಶದಿಂದಲೇ ಎನ್ನುವುದು ನಾಚಿಕೆಯ ವಿಷಯ. ಮೈಕ್ರೋಸಾಫ್ಟಿನ ದೂರಿನ ಮೇಲೆ 2018ರ ಕೊನೆಯಲ್ಲಿ ಗುರುಗ್ರಾಮ ಮತ್ತು ನೋಯ್ಡಾದ ಕಾಲ್‌ಸೆಂಟರುಗಳ ಮೇಲೆ ಪೊಲೀಸ್ ದಾಳಿಗಳಾದವು, 2023ರ ಅಕ್ಟೋಬರಿನಲ್ಲಿ ಸಿಬಿಐ ಸೈಬರ್ ವಂಚಕರ ವಿರುದ್ಧ 'ಆಪರೇಷನ್ ಚಕ್ರ-2' ನಡೆಸಿತು.

ಆದ್ದರಿಂದ "ಯಾರನ್ನೂ ನಂಬಬೇಡಿ" ಎಂಬ ಉಪದೇಶದಿಂದ ಹೆಚ್ಚು ಪ್ರಯೋಜನವಿಲ್ಲ. ನೀವು ಊರಿಗೆ ಹೋದಾಗ ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಈ ಮೂರನ್ನೂ ತಂದೆಯವರ ಕೈಯಿಂದಲೇ ತೆರೆಸಿ ತೋರಿಸಿ. ಅದೇ ಕೆಂಪು ಗುರುತುಗಳು, ಅದೇ 888 ಸಂಖ್ಯೆ ನಿಮ್ಮ ಯಂತ್ರದಲ್ಲಿಯೂ ಇರುವುದನ್ನು ಕಣ್ಣಾರೆ ಕಂಡ ಹಿರಿಯರಿಗೆ ಮತ್ತೆ ವಿವರಿಸಬೇಕಾದ ಪ್ರಸಂಗ ನನಗೆ ಬಂದಿಲ್ಲ. ಇದರ ಜೊತೆಗೆ ಒಂದೇ ನಿಯಮ ಹೇಳಿಕೊಡಿ: ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಪರದೆ ತುಂಬಿ ನಿಂತದ್ದು ಬರೀ ಒಂದು ವೆಬ್‌ಪುಟ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಸಾಮಾನ್ಯವಾಗಿ ಪೂರ್ಣಪರದೆ ಬಿಟ್ಟುಹೋಗುತ್ತದೆ, ಹೋಗದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿಬಿಡಲಿ. ಮತ್ತೆ ಹಾಕಿದಾಗ ಹಳೆಯ ಪುಟಗಳನ್ನು ತೆರೆಯಲೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಲಿ. ಇಂಥ ಪುಟಗಳು ಬಹುತೇಕ ಜಾಹೀರಾತುಗಳ ಮೂಲಕ ಬರುವುದರಿಂದ ಜಾಹೀರಾತು ತಡೆಯುವ ವಿಸ್ತರಣೆಯೊಂದನ್ನು (ಎಕ್ಸ್‌ಟೆನ್ಶನ್) ಬ್ರೌಸರಿಗೆ ಹಾಕಿಕೊಡಿ. ಅಡ್ಮಿನ್ ಅಧಿಕಾರವಿಲ್ಲದ ಖಾತೆ ಮಾಡಿಕೊಟ್ಟರೂ ಒಳ್ಳೆಯದು, ಆದರೆ ಎನಿಡೆಸ್ಕ್ ಇನ್‌ಸ್ಟಾಲ್ ಆಗದೆಯೇ ಓಡಬಲ್ಲದಾದ್ದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ.

ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೊಂದು ಕರೆ ಬರುವ ಸಾಧ್ಯತೆ ಇದೆ, ಏಕೆಂದರೆ ಒಮ್ಮೆ ಹಣ ಕೊಟ್ಟವರ ನಂಬರುಗಳು ಕೈಬದಲಾಗುತ್ತಿರುತ್ತವೆ. ಈ ಬಾರಿ ಕಂಪನಿ ಮುಚ್ಚಿದೆ, ನಿಮ್ಮ 9,999 ರೂಪಾಯಿ ವಾಪಸ್ ಕೊಡುತ್ತೇವೆ ಎನ್ನುತ್ತಾರೆ. ಮತ್ತೆ ಪರದೆಯ ಒಳಗೆ ಬಂದು, ಬ್ಯಾಂಕಿನ ಪುಟದಲ್ಲಿ ಕಾಣುವ ಅಂಕಿಯನ್ನು ಬ್ರೌಸರಿನಲ್ಲಿಯೇ ತಿದ್ದಿ, "ಅಯ್ಯೋ, ತಪ್ಪಿ 99,990 ಹಾಕಿಬಿಟ್ಟೆವು, ಉಳಿದದ್ದನ್ನು ತಿರುಗಿ ಕಳಿಸಿ, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ" ಎಂದು ಅಳುತ್ತಾರೆ. ಮೊದಲ ಮೋಸಕ್ಕಿಂತ ದೊಡ್ಡ ಮೊತ್ತ ಹೋಗುವುದು ಇಲ್ಲಿ. ಯಾರು ಎಷ್ಟೇ ಅತ್ತರೂ ಬ್ಯಾಲೆನ್ಸನ್ನು ಎಟಿಎಂನಲ್ಲಿಯೋ ಪಾಸ್‌ಬುಕ್ಕಿನಲ್ಲಿಯೋ ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಬಾರದೆಂದು ತಂದೆಯವರಿಗೆ ಈ ವಾರವೇ ಹೇಳಿಡಿ.