ಫಿಲ್ಲಿಂಗ್ ಕಪ್ಪಾದರೆ ತೆಗೆಸಲೇಬೇಕೇ?

ಪ್ರಶ್ನೆ: ನನಗೆ 44 ವರ್ಷ. ಕೆಳಗಿನ ದವಡೆ ಹಲ್ಲಿಗೆ 16 ವರ್ಷಗಳ ಹಿಂದೆ ಬೆಳ್ಳಿ ಫಿಲ್ಲಿಂಗ್ ಮಾಡಿಸಿದ್ದೆ. ನೋವಿಲ್ಲ. ಈಚೆಗೆ ಒಬ್ಬ ವೈದ್ಯರು, ಅಂಚು ಕಪ್ಪಾಗಿದೆ, ತೆಗೆದು ಬಿಳಿಯದು ಹಾಕಬೇಕು ಎಂದರು. ತುಮಕೂರಿನಲ್ಲಿ ತೋರಿಸಿದಾಗ ಇನ್ನೊಬ್ಬರು ಏನೂ ಬೇಡ ಎಂದರು. ಅದರಲ್ಲಿ ಪಾದರಸ ಇದೆಯೆಂದು ಮಗಳಿಗೆ ಹೆದರಿಕೆ. ಪಕ್ಕದ ಹಲ್ಲಿಗೆ ಮೂರು ವರ್ಷದ ಹಿಂದೆ ಹಾಕಿಸಿದ ಬಿಳಿ ಫಿಲ್ಲಿಂಗ್ ಚೆನ್ನಾಗಿಯೇ ಇದೆ, ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ ಅಷ್ಟೆ. ಯಾರ ಮಾತು ನಂಬಲಿ?
– ಓದುಗರು, ಪಾವಗಡ

ಉತ್ತರ: ನೀವು ಗಾಬರಿಪಟ್ಟಿರುವ ಹಲ್ಲಿಗಿಂತ ‘ಅಷ್ಟೆ’ ಎಂದು ಬಿಟ್ಟಿರುವ ಹಲ್ಲೇ ನನಗೆ ಚಿಂತೆ ತಂದಿತು. ಮೊದಲು ಬೆಳ್ಳಿಯದರ ವಿಷಯ ನೋಡೋಣ.

ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದಲ್ಲಿ ಕಲಸಿ ಮಾಡುವ ಈ ಅಮಾಲ್ಗಮ್ ವರ್ಷ ಕಳೆದಂತೆ ಮಂಕಾಗುತ್ತದೆ. ಅಂಚು ಸವೆದು ಕೂದಲೆಳೆಯಷ್ಟು ಗೀರು ಬೀಳುತ್ತದೆ. ಲೋಹ ಕಿಲುಬು ಹಿಡಿದಾಗ ಹುಟ್ಟುವ ವಸ್ತು ಹಲ್ಲಿಗೂ ಫಿಲ್ಲಿಂಗ್‌ಗೂ ನಡುವಿನ ಸಂದನ್ನು ತುಂಬಿಕೊಂಡು ಒಂದು ಬಗೆಯಲ್ಲಿ ರಕ್ಷಣೆಯನ್ನೇ ಕೊಡುತ್ತದೆ. ಅದೇ ಕಪ್ಪು ಹಲ್ಲಿನ ಒಳಪದರವಾದ ಡೆಂಟಿನ್‌ಗೆ ಇಳಿದು, ಹೊರಪದರವಾದ ಎನಾಮಲ್‌ನ ಹಿಂದಿನಿಂದ ನೀಲಿಗಪ್ಪಾಗಿ ಕಾಣುವಾಗ ಥೇಟ್ ಹುಳುಕಿನಂತೆಯೇ ಇರುತ್ತದೆ.

ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥದ್ದೇ ಒಂದು ಹಲ್ಲಿಗೆ ನಾನು ಡ್ರಿಲ್ ಹಚ್ಚಿದ್ದೆ. ಫಿಲ್ಲಿಂಗ್ ಚೂರುಚೂರಾಗಿ ಎದ್ದು ಬಂತು. ಅಡಿಯಲ್ಲಿ ಡೆಂಟಿನ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಉಪಕರಣದಿಂದ ಕೆರೆದರೆ ಕರಕರ ಎಂದಿತೇ ಹೊರತು ಒಂದು ಚೂರೂ ಏಳಲಿಲ್ಲ. ಹುಳುಕಾಗಿದ್ದರೆ ನೆನೆದ ತೊಗಲಿನಂತೆ ಮೆತ್ತಗೆ ಎದ್ದು ಬರಬೇಕಿತ್ತು. ಆ ಹಲ್ಲು ಗಟ್ಟಿಯಾಗಿತ್ತು, ನಾನು ಅದನ್ನು ಸುಮ್ಮನೆ ಕೊರೆದಿದ್ದೆ. ಆ ಶಬ್ದ ಇಂದಿಗೂ ನನ್ನ ಕಿವಿಯಲ್ಲಿದೆ.

ಹಳೆಯ ಫಿಲ್ಲಿಂಗ್ ತೆಗೆಯುವಾಗ ಎಷ್ಟೇ ಜೋಪಾನ ಮಾಡಿದರೂ ಸುತ್ತಲಿನ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಬಿಳಿ ಫಿಲ್ಲಿಂಗ್ ಹಲ್ಲಿನದೇ ಬಣ್ಣದ್ದಾದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದೇ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಪ್ರತಿ ಸಲವೂ ಗುಂಡಿ ದೊಡ್ಡದಾಗುತ್ತದೆ, ಗೋಡೆ ತೆಳುವಾಗುತ್ತದೆ, ಒಂದು ದಿನ ಮೂಲೆ ಒಡೆಯುತ್ತದೆ. ಆಮೇಲೆ ಕ್ಯಾಪ್, ಕೆಲವೊಮ್ಮೆ ರೂಟ್ ಕೆನಾಲ್. ಆದ್ದರಿಂದ ಬಣ್ಣ ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಯಾವುದನ್ನು ನೋಡುತ್ತೇವೆ? ಹಲ್ಲನ್ನು ಗಾಳಿಯಿಂದ ಒಣಗಿಸಿ, ಪ್ರೋಬ್ ಎಂಬ ಮೊಂಡು ತುದಿಯ ಕಡ್ಡಿಯನ್ನು ಅಂಚಿನ ಗುಂಟ ಒತ್ತದೆ ಆಡಿಸುತ್ತೇವೆ. ಮೆತ್ತನೆಯ ಜಾಗ ಸಿಕ್ಕಿದರೆ ಅದು ಹುಳುಕು. ಮರಳಿ ಬರುವ ಹುಳುಕು ಹೆಚ್ಚಾಗಿ ಎರಡು ಹಲ್ಲುಗಳ ನಡುವೆ, ಒಸಡಿನ ಪಕ್ಕದ ಅಂಚಿನಲ್ಲಿ, ಬ್ರಷ್ ಮುಟ್ಟದ ಕಡೆ ಕೂತಿರುತ್ತದೆ. ಅದಕ್ಕೆ ಬೈಟ್‌ವಿಂಗ್ ಎಂಬ ಚಿಕ್ಕ ಎಕ್ಸ್‌ರೇ ಬೇಕು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ತಲೆ ಒಂದೇ ಚಿತ್ರದಲ್ಲಿ ಬರುತ್ತದೆ. ಫಿಲ್ಲಿಂಗ್ ಅಲುಗಾಡುತ್ತಿದೆಯೇ, ಬಿರುಕು ಬಿಟ್ಟಿದೆಯೇ, ಬಿಸಿ ತಗುಲಿದರೆ ನೋವು ಬಹಳ ಹೊತ್ತು ಉಳಿಯುತ್ತದೆಯೇ ಎಂದೂ ನೋಡುತ್ತೇವೆ. ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ನಿಮ್ಮ ಬೆಳ್ಳಿ ಫಿಲ್ಲಿಂಗನ್ನು ಮುಟ್ಟಬೇಡಿ. ಒರಟಾದ ಅಂಚನ್ನು ಉಜ್ಜಿ ನಯಮಾಡಿಸಿದರೆ ಸಾಕು.

ಪಾವಗಡ ಎಂದು ಬರೆದಿದ್ದೀರಿ, ಆದ್ದರಿಂದ ಇನ್ನೊಂದು ಮಾತು. ನಿಮ್ಮ ತಾಲ್ಲೂಕಿನ ಕೊಳವೆಬಾವಿ ನೀರಿನ ಫ್ಲೋರೈಡ್ ತೊಂದರೆ ಇಂದು ನಿನ್ನೆಯದಲ್ಲ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನದಂಡ. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಕುಡಿದವರಿಗೆ ಎನಾಮಲ್‌ನಲ್ಲಿ ಕಂದು ಕಲೆ ಉಳಿಯುತ್ತದೆ. ಫಿಲ್ಲಿಂಗ್ ಪಕ್ಕದಲ್ಲಿ ಆ ಕಲೆ ಇದ್ದರೆ ಫಿಲ್ಲಿಂಗ್ ಅಂಚು ಸೋರುತ್ತಿದೆಯೆಂದು ತಪ್ಪು ತಿಳಿಯುವುದು ಸುಲಭ. ಆದ್ದರಿಂದ ಹುಟ್ಟಿ ಬೆಳೆದ ಊರಿನ ನೀರಿನ ವಿಷಯವನ್ನು ವೈದ್ಯರಿಗೆ ಹೇಳಿ. ಬಿಳಿ ಫಿಲ್ಲಿಂಗ್ ಅಂಟಿಸುವ ಮೊದಲು ಎನಾಮಲನ್ನು ಆಮ್ಲದಿಂದ ಒರಟುಮಾಡುತ್ತೇವೆ. ಅಂಥ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಕರಗದ ಕಾರಣ ಅಂಟಿಸುವುದೂ ಕಷ್ಟ. ಗಟ್ಟಿಯಾಗಿ ಕೂತಿರುವುದನ್ನು ಅಂದಕ್ಕಾಗಿ ಬದಲಿಸದಿರಲು ಇದು ಇನ್ನೊಂದು ಕಾರಣ.

ಪಾದರಸದ ಬಳಕೆ ಕಡಿಮೆಯಾಗಬೇಕು ಎಂಬುದು ಸರಿ. 2013ರ ಮಿನಮಾಟಾ ಒಪ್ಪಂದದ ಉದ್ದೇಶವೂ ಅದೇ, ಭಾರತವೂ ಅದನ್ನು ಒಪ್ಪಿದೆ. ಆದರೆ ಚೆನ್ನಾಗಿರುವ ಫಿಲ್ಲಿಂಗನ್ನು ಪಾದರಸದ ಭಯಕ್ಕೆ ಕೀಳಿಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಹೇಳಿತು. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ. ಮಗಳಿಗೆ ಇದನ್ನು ತೋರಿಸಿ.

ಈಗ ಬಿಳಿಯದು. ಮುದ್ದೆ ನುಂಗುವ ತುತ್ತು, ಅದು ಸಂದಿಗೆ ಹೋಗುವುದಿಲ್ಲ. ಜೊತೆಯ ಸೊಪ್ಪಿನ ನಾರು, ಮಾಂಸದ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತಿದೆ ಎಂದರೆ ಎರಡು ಹಲ್ಲುಗಳು ಒಂದಕ್ಕೊಂದು ಬಿಗಿಯಾಗಿ ತಾಗುತ್ತಿಲ್ಲ. ಮೇಲಿನಿಂದ ಹೊಳೆಯುತ್ತಿದ್ದರೂ ಆ ಫಿಲ್ಲಿಂಗ್ ತನ್ನ ಕೆಲಸ ಮಾಡುತ್ತಿಲ್ಲ. ದಿನವೂ ಸಿಕ್ಕಿಕೊಂಡ ಊಟದಿಂದ ಒಸಡು ಊದುತ್ತದೆ, ಅಡಿಯ ಅಂಚಿನಲ್ಲಿ ಹುಳುಕು ಹುಟ್ಟುತ್ತದೆ, ಮೂಳೆಯೂ ಕರಗಬಹುದು. ಫ್ಲಾಸ್ ದಾರವನ್ನು ಆ ಸಂದಿಗೆ ಇಳಿಸಿ ನೋಡಿ. ಬಿಗಿಯಾಗಿ ಟಕ್ಕೆಂದು ಇಳಿಯಬೇಕು. ಸಲೀಸಾಗಿ ಜಾರಿದರೆ ತಾಗು ಸಡಿಲ, ದಾರ ಎಳೆಎಳೆಯಾದರೆ ಅಂಚು ಹೊರಚಾಚಿದೆ. ಹೊರಚಾಚಿದ ಅಂಚನ್ನು ಎಷ್ಟೋ ಸಲ ಉಜ್ಜಿ ಸರಿಪಡಿಸಬಹುದು. ತಾಗು ಸಡಿಲವಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹಲ್ಲಿನ ನಡುವೆ ಲೋಹದ ಪಟ್ಟಿ ಮತ್ತು ಬೆಣೆ ಇಟ್ಟು ಆ ಭಾಗವನ್ನು ಹೊಸದಾಗಿ ಕಟ್ಟಬೇಕು. ಎಕ್ಸ್‌ರೇಯಲ್ಲಿ ಬಿಳಿ ಫಿಲ್ಲಿಂಗ್ ಅಡಿ ಸಮನಾದ ತೆಳು ಕಪ್ಪುಗೆರೆ ಕಂಡರೆ ಅದು ಅಂಟಿನ ಪದರವೂ ಆಗಿರಬಹುದು. ಅದೊಂದನ್ನೇ ನೋಡಿ ಇಡೀ ಫಿಲ್ಲಿಂಗ್ ತೆಗೆಯಬೇಕೆಂದರೆ ಕಾರಣ ಕೇಳಿ.

ನಿಮಗೆ ಎರಡು ಅಭಿಪ್ರಾಯ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ವೈದ್ಯರ ಕೈಯಲ್ಲಿ ಹೋಲಿಸಲು ಹಳೆಯ ಚಿತ್ರ ಇರುವುದಿಲ್ಲ. ಹಳೆಯ ಎಕ್ಸ್‌ರೇ ಇದ್ದರೆ ಬಿಸಾಡದೆ ಜೊತೆಗೆ ಒಯ್ಯಿರಿ.

ಪ್ರಶ್ನೆ: ಕೊಬ್ಬರಿ ಅಗಿಯುವಾಗ ದವಡೆ ಹಲ್ಲಿನ ಬಿಳಿ ಫಿಲ್ಲಿಂಗ್‌ನ ಒಂದು ಚೂರು ಹಾರಿತು. ಪೂರ್ತಿ ಬದಲಿಸಬೇಕೇ?
– ಓದುಗರು, ತಿಪಟೂರು

ಉತ್ತರ: ಉಳಿದದ್ದು ಗಟ್ಟಿಯಾಗಿದ್ದು ಅಂಚಿನಲ್ಲಿ ಹುಳುಕಿಲ್ಲದಿದ್ದರೆ ಮುರಿದ ಕಡೆ ಮಾತ್ರ ಒರಟುಮಾಡಿ ಹೊಸದನ್ನು ಸೇರಿಸಬಹುದು. ಇದು ತೇಪೆ ಕೆಲಸವೆಂದು ಕೀಳಾಗಿ ನೋಡಬೇಡಿ, ದಂತವೈದ್ಯಶಾಸ್ತ್ರ ಒಪ್ಪಿದ ಚಿಕಿತ್ಸೆ. ಆದರೆ ಹಾರಿದ್ದು ಫಿಲ್ಲಿಂಗೋ ಹಲ್ಲೋ ಎಂಬುದನ್ನು ಮೊದಲು ತಿಳಿಯಬೇಕು. ನಾನು ಹಲ್ಲಿನ ಒಂದೊಂದು ಮೂಲೆಯ ಮೇಲೂ ಹತ್ತಿಯ ಸುರುಳಿ ಇಟ್ಟು ಕಚ್ಚಿಸಿ ನೋಡುತ್ತೇನೆ. ಕಚ್ಚಿ ಬಿಡುವ ಗಳಿಗೆಯಲ್ಲಿ ಚುಚ್ಚಿದಂತೆ ನೋವಾದರೆ ಹಲ್ಲಿಗೇ ಬಿರುಕು ಬಿಟ್ಟಿರಬಹುದು. ಆಗ ಮೂಲೆಗಳನ್ನು ಮುಚ್ಚಿ ಹಿಡಿಯುವ ಕ್ಯಾಪ್ ಬೇಕಾದೀತು. ನಿಮಗೆ ಅಂಥ ನೋವು ಇದ್ದರೆ ಈ ವಾರವೇ ತೋರಿಸಿ, ಅಲ್ಲಿಯವರೆಗೆ ಆ ಕಡೆಯಿಂದ ಗಟ್ಟಿಯದನ್ನು ಅಗಿಯಬೇಡಿ.