ಅಭ್ಯಾಸದಲ್ಲಿ ನಿಲ್ಲುವ ಜಂಪ್ ಸ್ಪರ್ಧೆಯಲ್ಲಿ ಯಾಕೆ ಕೈಕೊಡುತ್ತದೆ?

ಈ ಸಲ ಫಿಗರ್ ಸ್ಕೇಟಿಂಗ್ ಸ್ಪರ್ಧಿಗಳು ಮತ್ತು ಅವರ ಮನೆಯವರು ಕೇಳಿದ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ, ಉಳಿದ ಮೂರರ ಬೇರೂ ಅಲ್ಲೇ ಇದೆ.

ಪ್ರಶ್ನೆ: ನನಗೆ 17 ವರ್ಷ. ಅಭ್ಯಾಸದಲ್ಲಿ ಹತ್ತು ಡಬಲ್ ಆಕ್ಸೆಲ್ (ಎರಡೂವರೆ ಸುತ್ತಿನ ಜಂಪ್) ಮಾಡಿದರೆ ಏಳೆಂಟು ನಿಲ್ಲುತ್ತವೆ. ಸ್ಪರ್ಧೆಯಲ್ಲಿ ಮಾತ್ರ ಮೇಲೆ ಹಾರಿದ ಕೂಡಲೇ ಕೈ ಬಿಚ್ಚಿಕೊಂಡು ಸಿಂಗಲ್ ಆಗಿಬಿಡುತ್ತದೆ. ಈ ಸೀಸನ್ ಪೂರ್ತಿ ಇದೇ ಕಥೆ. ‘ನಿನ್ನ ಮೇಲೆ ನಂಬಿಕೆ ಇಡು’ ಅನ್ನುತ್ತಾರೆ ಕೋಚ್. ಆ ನಂಬಿಕೆಯನ್ನು ಎಲ್ಲಿಂದ ತರಲಿ?

ಉತ್ತರ: ಹತ್ತರಲ್ಲಿ ಏಳೆಂಟು ಎಂದು ಬರೆದಿದ್ದೀರಿ. ಆ ಹತ್ತನ್ನು ಹೇಗೆ ಮಾಡುತ್ತೀರಿ ಎಂದು ಕೇಳಬೇಕೆನಿಸುತ್ತದೆ. ಬಹಳಷ್ಟು ಸ್ಕೇಟರ್‌ಗಳು ರಿಂಕಿನ ಒಂದೇ ಮೂಲೆಯಲ್ಲಿ ಅದೇ ಜಂಪನ್ನು ಒಂದರ ಹಿಂದೊಂದು ಮಾಡುತ್ತಾ ಹೋಗುತ್ತಾರೆ. ಮೊದಲನೆಯದು ಬೀಳುತ್ತದೆ. ಎರಡನೆಯದಕ್ಕೆ ಭುಜ ಸರಿಮಾಡಿಕೊಳ್ಳುತ್ತಾರೆ. ಮೂರನೆಯದರಿಂದ ಲಯ ಹಿಡಿಯುತ್ತದೆ, ಮುಂದಿನವೆಲ್ಲ ಚೆನ್ನಾಗಿ ಬರುತ್ತವೆ, ಮನೆಗೆ ಹೋಗುವಾಗ ಮನಸ್ಸಿನಲ್ಲಿ ಉಳಿಯುವುದೂ ಅವೇ. ಸ್ಪರ್ಧೆಯಲ್ಲಿ ಸಿಗುವುದು ಒಂದೇ ಯತ್ನ. ಅದೂ ಸಂಗೀತದ ನಡುವೆ, ಏದುಸಿರಿನಲ್ಲಿ, ಇನ್ನೊಂದು ಎಲಿಮೆಂಟ್ (ಜಂಪೋ ಸ್ಪಿನ್ನೋ) ಮುಗಿಸಿದ ಬೆನ್ನಿಗೆ. ನೀವು ಗಟ್ಟಿಮಾಡಿಕೊಂಡಿರುವುದು ಐದನೆಯ ಯತ್ನವನ್ನು, ಜಡ್ಜ್‌ಗಳು ನೋಡುವುದು ಮೊದಲನೆಯದನ್ನು.

ಹಾಗಾಗಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಜಂಪಿನ ಆ ದಿನದ ಮೊದಲ ಯತ್ನವನ್ನಷ್ಟೇ ಬರೆಯಿರಿ. ನಿಂತಿತೇ, ಬಿತ್ತೇ, ಪಾಪ್ ಆಯಿತೇ (ಗಾಳಿಯಲ್ಲೇ ಮೈ ಬಿಚ್ಚಿಕೊಂಡು ಸುತ್ತು ಕಡಿಮೆಯಾಯಿತೇ), ಅಷ್ಟು ಸಾಕು. ಮೊದಲ ವಾರ ಆ ಪುಟ ನೋಡಿ ಬೇಸರವಾಗುತ್ತದೆ. ಏಳೆಂಟು ಅಂದುಕೊಂಡಿದ್ದು ಮೂರೋ ನಾಲ್ಕೋ ಆಗಿರಬಹುದು. ಆ ಬೇಸರವನ್ನು ತಡೆದುಕೊಳ್ಳಿ, ಏಕೆಂದರೆ ನಿಜವಾದ ಅಳತೆ ಕೈಗೆ ಸಿಕ್ಕಿದ್ದು ಈಗಲೇ.

ಆಮೇಲೆ ಅಭ್ಯಾಸದ ಕ್ರಮ ಬದಲಿಸಿ. ಒಂದು ಡಬಲ್ ಆಕ್ಸೆಲ್, ಅದಾದ ಮೇಲೆ ಒಂದು ಸ್ಪಿನ್, ಲಟ್ಜ್ ಎಂಬ ಇನ್ನೊಂದು ಜಂಪ್, ಸ್ಟೆಪ್ ಸೀಕ್ವೆನ್ಸಿನ (ಹೆಜ್ಜೆಗಳ ಸರಣಿಯ) ಒಂದು ತುಂಡು, ಮತ್ತೆ ಆಕ್ಸೆಲ್. ಹೀಗೆ ಮಾಡಿದರೆ ಪ್ರತಿ ಆಕ್ಸೆಲ್ ಕೂಡ ಒಂದು ಹೊಸ ಮೊದಲ ಯತ್ನ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಕೈಚಲನೆಗಳನ್ನು ಕಲಿಸಿ ಇದನ್ನು ಪರೀಕ್ಷಿಸಿದ್ದರು. ಒಂದೇ ಚಲನೆಯನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿಗೆ ಮುಂದಿದ್ದರು. ಬೇರೆಬೇರೆ ಚಲನೆಗಳನ್ನು ಬೆರೆಸಿ ಕಲಿತವರು ಆಗ ತಡವರಿಸಿದರೂ ಆಮೇಲೆ ಪರೀಕ್ಷಿಸಿದಾಗ ಅವರಿಗೇ ಹೆಚ್ಚು ನೆನಪಿತ್ತು. ಪ್ರಯೋಗಾಲಯದ ಕೈಚಲನೆಗೂ ಐಸ್ ಮೇಲಿನ ಎರಡೂವರೆ ಸುತ್ತಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಇನ್ನೂ ಕಲಿಯುವ ಹಂತದ ಜಂಪಿಗೆ ಸಾಲಾಗಿ ಮಾಡುವ ಅಭ್ಯಾಸವೇ ಬೇಕು. ಆದರೆ ನಿಮ್ಮ ಡಬಲ್ ಆಕ್ಸೆಲ್ ಆ ಹಂತ ದಾಟಿದೆ. ಕಾಲಿಗೂ ಇದೇ ಒಳ್ಳೆಯದು, ಒಟ್ಟು ಹಾರಾಟದ ಸಂಖ್ಯೆ ಕಡಿಮೆಯಾಗುತ್ತದೆ.

ಪಾಪ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬೇರೆ ಐದು ಜಂಪುಗಳಿಗೆ ಹಿಮ್ಮುಖವಾಗಿ ಹಾರಿದರೆ ಆಕ್ಸೆಲ್ಲಿಗೆ ಮಾತ್ರ ಮುಮ್ಮುಖವಾಗಿ ಹಾರಬೇಕು, ಅರ್ಧ ಸುತ್ತು ಹೆಚ್ಚು ತಿರುಗಬೇಕು. ಗಾಳಿಯಲ್ಲಿ ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ‘ಸರಿಯಾಗಿ ಹಾರಿದೆನೇ?’ ಎಂದು ಮನಸ್ಸು ಪರಿಶೀಲನೆಗೆ ಇಳಿದರೆ ಮೈ ಬಿಚ್ಚಿಕೊಳ್ಳುತ್ತದೆ. ಈ ಪರಿಶೀಲನೆ ಎಷ್ಟು ದುಬಾರಿ ಎಂಬುದನ್ನು ಅಂಕಗಳಲ್ಲೇ ನೋಡಿ. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಇತ್ತೀಚಿನ ಸೀಸನ್‌ಗಳ ಪಟ್ಟಿಯಲ್ಲಿ ಡಬಲ್ ಆಕ್ಸೆಲ್‌ನ ಮೂಲ ಅಂಕ 3.3. ಪೂರ್ತಿ ತಿರುಗಿ, ಇಳಿಯುವಾಗ ತಡವರಿಸಿ ಜಡ್ಜ್‌ಗಳಿಂದ ಮೈನಸ್ 3 (ಒಂದೊಂದು ಮೈನಸ್‌ಗೂ ಮೂಲ ಅಂಕದ ಹತ್ತರಲ್ಲೊಂದು ಭಾಗ ಕಡಿತ) ಪಡೆದರೂ 2.31 ಉಳಿಯುತ್ತದೆ. ಪಾಪ್ ಆಗಿ ಸಿಂಗಲ್ ಆದರೆ ಫ್ರೀ ಸ್ಕೇಟಿನಲ್ಲಿ (ಸ್ಪರ್ಧೆಯ ಎರಡನೆಯ, ಉದ್ದದ ಭಾಗ) 1.1. ಸೀನಿಯರ್ ಶಾರ್ಟ್ ಪ್ರೋಗ್ರಾಂನಲ್ಲಿ (ಮೊದಲ, ಚಿಕ್ಕ ಭಾಗ) ಸಿಂಗಲ್ ಆಕ್ಸೆಲ್‌ಗೆ ಏನೂ ಇಲ್ಲ, ಸೊನ್ನೆ. ಪೂರ್ತಿ ತಿರುಗಿ ಬಿದ್ದರೆ ಮೈನಸ್ 5 ಮತ್ತು ಬಿದ್ದದ್ದಕ್ಕೆ ಒಂದು ಅಂಕ ಕಳೆದು 0.65. ಅಂದರೆ ಫ್ರೀ ಸ್ಕೇಟಿನಲ್ಲಿ ಬೀಳುವುದಕ್ಕಿಂತ ಪಾಪ್ ಲಾಭ ಎಂದು ಕಾಣುತ್ತದೆ. ಆ ಲೆಕ್ಕಕ್ಕೆ ಮರುಳಾಗಬೇಡಿ. ಪೂರ್ತಿ ತಿರುಗಿ ಬೀಳುವವರಿಗೆ ನಾಳೆ ನಿಲ್ಲಿಸಲು ಒಂದು ಜಂಪ್ ಇದೆ, ಬಿಚ್ಚಿಕೊಳ್ಳುವುದನ್ನು ರೂಢಿಮಾಡಿಕೊಂಡವರಿಗೆ ಇರುವುದು ಆ ರೂಢಿ ಮಾತ್ರ. ಹಾಗಾಗಿ ಅಭ್ಯಾಸದಲ್ಲಿ ಒಂದು ನಿಯಮ ಮಾಡಿಕೊಳ್ಳಿ: ಹಾರಿದ ಮೇಲೆ ಕೈ ಬಿಚ್ಚುವಂತಿಲ್ಲ, ಟೇಕಾಫ್ ತೀರಾ ಅಪಾಯಕಾರಿಯಾಗಿ ಹೋದಾಗ ಮಾತ್ರ ಇದಕ್ಕೆ ವಿನಾಯಿತಿ.

ತಲೆಯಲ್ಲಿ ಐದಾರು ಸೂಚನೆ ಇಟ್ಟುಕೊಂಡು ಹಾರಬೇಡಿ. ಕೋಚ್ ಜೊತೆ ಕೂತು ಒಂದೇ ಒಂದು ಪದ ಆರಿಸಿಕೊಳ್ಳಿ, ಅದು ಲಯವನ್ನೋ ದಿಕ್ಕನ್ನೋ ಹೇಳುವ ಪದವಾಗಿರಲಿ. ‘ಮೇಲೆ’ ಅನ್ನುವುದು ನನಗೆ ಇಷ್ಟ. ಮೊಣಕಾಲು, ಸೊಂಟ, ಮೊಣಕೈ ಎಂದು ಅಂಗಾಂಗಗಳ ಪಟ್ಟಿ ಓದುತ್ತಾ ಹಾರಿದರೆ, ಮೈಗೆ ತಾನಾಗಿ ಬರುತ್ತಿದ್ದದ್ದೂ ಬಿಡಿಬಿಡಿಯಾಗಿ ಹೋಗುತ್ತದೆ.

ಇನ್ನು ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ‘ಇದು ನನ್ನಿಂದಾಗುತ್ತದೆ’ ಎಂಬ ಭಾವಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಕೋಚ್ ಹೇಳಿದ ‘ನಂಬಿಕೆ ಇಡು’ ಮೂರನೆಯದಕ್ಕೆ ಸೇರುತ್ತದೆ. ಅವರ ಮನಸ್ಸು ಒಳ್ಳೆಯದೇ, ಆದರೆ ಮಾತು ಒಂದರ ಮೇಲೇ ಜಂಪ್ ನಿಲ್ಲುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮೊದಲ ಯತ್ನದಲ್ಲೇ ನಿಂತ ಜಂಪುಗಳು ತುಂಬುತ್ತಾ ಹೋದಂತೆ ನಂಬುವುದಕ್ಕೆ ನಿಮ್ಮ ಬಳಿ ಆಧಾರ ಇರುತ್ತದೆ.

ವಾರಕ್ಕೊಮ್ಮೆ ನಕಲಿ ಸ್ಪರ್ಧೆ ಮಾಡಿ. ಸ್ಪರ್ಧೆಯ ಉಡುಪು ಹಾಕಿ, ಆರು ನಿಮಿಷ ವಾರ್ಮ್‌ಅಪ್ ಮಾಡಿ, ಐಸ್‌ನಿಂದ ಇಳಿದು ಕಾಯಿರಿ, ಯಾರಾದರೂ ಹೆಸರು ಕೂಗಲಿ, ಹೋಗಿ ಒಂದೇ ಸಲ ಪ್ರೋಗ್ರಾಂ ಮಾಡಿ. ಕೆಟ್ಟರೂ ಆ ದಿನ ಎರಡನೆಯ ಅವಕಾಶ ಇಲ್ಲ. ಇದು ಕಠಿಣ, ಗೊತ್ತು. ‘ಇನ್ನೊಂದು ಸಲ ಮಾಡಿಬಿಡ್ತೀನಿ’ ಎನ್ನುವ ಆಸೆಯನ್ನು ನುಂಗಿಕೊಂಡು ಮನೆಗೆ ಹೋಗುವುದು ಈ ಅಭ್ಯಾಸದ ಮುಖ್ಯ ಭಾಗ.

ಪ್ರಶ್ನೆ: ನನ್ನ ಮಗಳು ಚೆನ್ನಾಗಿ ಸ್ಕೇಟ್ ಮಾಡುತ್ತಾಳೆ. ಆದರೆ ಮೊದಲ ಜಂಪಿನಲ್ಲಿ ಬಿದ್ದರೆ ಮುಗಿಯಿತು, ಇಡೀ ಪ್ರೋಗ್ರಾಂ ಕುಸಿಯುತ್ತದೆ. ಹೊರಗೆ ಬಂದು ಅಳುತ್ತಾಳೆ. ತಾಯಿಯಾಗಿ ನಾನು ಏನು ಹೇಳಬೇಕು?

ಉತ್ತರ: ಒಮ್ಮೆ ಅವಳ ಅಭ್ಯಾಸ ನೋಡಿ ಬನ್ನಿ. ಸಂಗೀತ ಹಾಕಿ ಪ್ರೋಗ್ರಾಂ ಮಾಡುವಾಗ ಬಿದ್ದರೆ ಅವಳು ಏನು ಮಾಡುತ್ತಾಳೆ? ಅನೇಕ ಮಕ್ಕಳು ಎದ್ದು, ಬಟ್ಟೆಗೆ ಹತ್ತಿದ ಮಂಜು ಕೊಡವಿಕೊಂಡು, ಸಂಗೀತ ನಿಲ್ಲಿಸಿ ಮೊದಲಿಂದ ಶುರುಮಾಡುತ್ತಾರೆ. ಅಂದರೆ ಬಿದ್ದ ಮೇಲೆ ಪ್ರೋಗ್ರಾಂ ಮುಂದುವರಿಸುವುದನ್ನು ಅವರು ಒಂದು ದಿನವೂ ಅಭ್ಯಾಸ ಮಾಡಿರುವುದಿಲ್ಲ. ಅಭ್ಯಾಸ ಮಾಡದ್ದು ಸ್ಪರ್ಧೆಯಲ್ಲಿ ಬರುವುದು ಹೇಗೆ? ಪೆಟ್ಟಾಗದಿದ್ದರೆ ರನ್‌ಥ್ರೂ (ಸಂಗೀತದೊಂದಿಗೆ ಪೂರ್ತಿ ಪ್ರೋಗ್ರಾಂ ಮಾಡುವುದನ್ನು) ನಿಲ್ಲಿಸಬಾರದು ಎಂಬ ನಿಯಮ ಹಾಕುವಂತೆ ಕೋಚ್ ಅವರನ್ನು ಕೇಳಿಕೊಳ್ಳಿ. ಪ್ರತಿ ಜಂಪಿನ ನಂತರ ಸಂಗೀತದ ಯಾವ ಜಾಗದಲ್ಲಿ ಮತ್ತೆ ಸೇರಿಕೊಳ್ಳಬೇಕು ಎನ್ನುವುದೂ ಮೊದಲೇ ತೀರ್ಮಾನವಾಗಿರಲಿ. ಬಿದ್ದು ಎದ್ದ ಆ ಮೂರು ಸೆಕೆಂಡಿನಲ್ಲಿ ಮಗು ಯೋಚಿಸುವ ಹಾಗಿರಬಾರದು, ಎಲ್ಲಿಗೆ ಹೋಗಬೇಕೆಂದು ಗೊತ್ತಿರಬೇಕು.

ಮಗಳಿಗೆ ತೋರಿಸಲು ದೊಡ್ಡವರ ಉದಾಹರಣೆಗಳೂ ಇವೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಾವೊ ಅಸಾದ ಶಾರ್ಟ್ ಪ್ರೋಗ್ರಾಂನಲ್ಲಿ ಬಿದ್ದು 16ನೆಯ ಸ್ಥಾನಕ್ಕೆ ಇಳಿದರು. ಮರುದಿನ ಫ್ರೀ ಸ್ಕೇಟಿನಲ್ಲಿ ಟ್ರಿಪಲ್ ಆಕ್ಸೆಲ್ ನಿಲ್ಲಿಸಿ, 142.71 ಅಂಕ ಗಳಿಸಿ, ಒಟ್ಟಾರೆ ಆರನೆಯವರಾದರು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಅಮೆರಿಕದ ನೇಥನ್ ಚೆನ್ ಶಾರ್ಟ್ ಪ್ರೋಗ್ರಾಂ ಮುಗಿದಾಗ 17ನೆಯ ಸ್ಥಾನದಲ್ಲಿದ್ದರು. ಫ್ರೀ ಸ್ಕೇಟಿನಲ್ಲಿ ಆರು ಕ್ವಾಡ್ (ನಾಲ್ಕು ಸುತ್ತಿನ ಜಂಪ್) ಹಾಕಿ 215.08 ಪಡೆದು ಐದಕ್ಕೆ ಏರಿದರು, ನಾಲ್ಕು ವರ್ಷಗಳ ನಂತರ ಬೀಜಿಂಗ್‌ನಲ್ಲಿ ಚಿನ್ನ ಗೆದ್ದರು. ಇಬ್ಬರ ವಿಷಯದಲ್ಲೂ ನನ್ನನ್ನು ತಟ್ಟುವುದು ಒಂದೇ: ಅಷ್ಟು ಕೆಟ್ಟ ದಿನದ ಮರುದಿನವೂ ಸುಲಭದ ಪ್ರೋಗ್ರಾಂ ಹಿಂದೆ ಅಡಗಿಕೊಳ್ಳದೆ ಕಷ್ಟದ ಜಂಪುಗಳಿಗೇ ಕೈಹಾಕಿದರು.

ನೀವು ಏನು ಹೇಳಬೇಕು ಎಂದು ಕೇಳಿದ್ದೀರಿ. ಮೊದಲ ಅರ್ಧ ಗಂಟೆ ಏನೂ ಹೇಳಬೇಡಿ. ಜಾಕೆಟ್ ಕೊಡಿ, ನೀರು ಕೊಡಿ, ಅಳುತ್ತಿದ್ದರೆ ಅಳಲಿ. ಅಂಕಪಟ್ಟಿ ಬಿಡಿಸಿ ಓದುವುದು ಕೋಚ್ ಕೆಲಸ. ಅವಳೇ ಮಾತು ತೆಗೆದಾಗ, ಬಿದ್ದ ಮೇಲೆ ಅವಳು ಸರಿಯಾಗಿ ಮಾಡಿದ ಒಂದು ನಿರ್ದಿಷ್ಟ ವಿಷಯ ಹೇಳಿ: ‘ಬಿದ್ದ ಮೇಲಿನ ಆ ಸ್ಪಿನ್ ನೀನು ಅವಸರ ಮಾಡದೆ ಮುಗಿಸಿದೆ ಕಣೇ.’ ಸುಮ್ಮನೆ ‘ಪರವಾಗಿಲ್ಲ, ಸೂಪರ್ ಆಗಿತ್ತು’ ಅನ್ನಬೇಡಿ. ಸೂಪರ್ ಆಗಿರಲಿಲ್ಲ ಎಂದು ಅವಳಿಗೆ ಗೊತ್ತು. ಮುಂದೆ ನಿಜವಾಗಿ ಚೆನ್ನಾಗಿ ಮಾಡಿದಾಗಲೂ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಪ್ರಶ್ನೆ: ನಂಗೆ 14 ವರ್ಷ. ಈ ವರ್ಷ ತುಂಬಾ ಎತ್ತರ ಬೆಳೆದೆ. ಬರುತ್ತಿದ್ದ ಜಂಪ್ ಎಲ್ಲಾ ಹೋಯ್ತು. ನನ್ನ ಜೊತೆಯವರು ಟ್ರಿಪಲ್ ಕಲಿಯುತ್ತಿದ್ದಾರೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡ, ಮರಿ. ಜಂಪ್ ಎಲ್ಲೂ ಹೋಗಿಲ್ಲ, ನಿನ್ನ ಮೈಯ ಅಳತೆ ಬದಲಾಗಿದೆ. ಕೈಕಾಲು ಉದ್ದವಾಗಿ ತೂಕವೂ ಹೆಚ್ಚಿದಾಗ ಅದೇ ಬಲದಲ್ಲಿ ಹಾರಿದರೂ ನಿಧಾನವಾಗಿ ತಿರುಗುತ್ತೀಯ. ನಿನ್ನ ಮೈಗೆ ನೆನಪಿರುವ ಟೈಮಿಂಗ್ ಹಳೆಯ ಎತ್ತರದ್ದು. ಸಿಂಗಲ್ ಜಂಪುಗಳಿಗೆ ಹಿಂದಿರುಗಿ ಹೊಸ ಎತ್ತರಕ್ಕೆ ಟೈಮಿಂಗ್ ಕಟ್ಟಿಕೊಂಡು ಬಾ. ಶೂ ಬಿಗಿಯಾಗಿದೆಯೇ ನೋಡಿಸು, ಪಾದವೂ ಬೆಳೆದಿರುತ್ತದೆ. ಮಂಡಿಯ ಕೆಳಗೋ ಸೊಂಟದಲ್ಲೋ ನೋವಿದ್ದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ ವೈದ್ಯರಿಗೆ ತೋರಿಸು. ಬೆಳೆಯುವ ವಯಸ್ಸಿನಲ್ಲಿ ಇದನ್ನು ಸಹಿಸಿಕೊಂಡು ಹಾರುವುದು ಧೈರ್ಯದ ಲಕ್ಷಣವಲ್ಲ.

ಈ ತಿಂಗಳುಗಳನ್ನು ಸ್ಪಿನ್‌ಗೂ ಎಡ್ಜ್‌ಗೂ (ಬ್ಲೇಡಿನ ಅಂಚಿನ ಮೇಲೆ ಜಾರುವ ಅಭ್ಯಾಸಕ್ಕೂ) ಕೊಡು. ಕಾಲೂ ಭಂಗಿಯೂ ಬದಲಿಸುವ ಕಾಂಬಿನೇಶನ್ ಸ್ಪಿನ್ ಎಲ್ಲಕ್ಕಿಂತ ಮೇಲಿನ ನಾಲ್ಕನೆಯ ಲೆವೆಲ್ ಮುಟ್ಟಿದರೆ ಮೂಲ ಅಂಕ 3.5, ಡಬಲ್ ಆಕ್ಸೆಲ್‌ಗಿಂತ ಹೆಚ್ಚು! ಅದು ಎತ್ತರ ಬೆಳೆದರೂ ಕೈಬಿಡುವುದು ಕಡಿಮೆ. ಜೊತೆಯವರು ಮುಂದೆ ಹೋದರು ಎಂಬ ಆತಂಕಕ್ಕೆ ಒಂದು ಮಾತು: 2024-25ರ ಸೀಸನ್‌ನಿಂದ ಅಂತಾರಾಷ್ಟ್ರೀಯ ಸೀನಿಯರ್ ಸ್ಪರ್ಧೆಗಳಿಗೆ ಕನಿಷ್ಠ ವಯಸ್ಸು 17. ಅಮೆರಿಕದ ಅಲಿಸಾ ಲಿಯು 2022ರಲ್ಲಿ, 16ನೆಯ ವಯಸ್ಸಿಗೆ ಸ್ಪರ್ಧೆ ಬಿಟ್ಟು, 2024ರಲ್ಲಿ ಮರಳಿ ಬಂದು, 2025ರಲ್ಲಿ ವಿಶ್ವ ಚಾಂಪಿಯನ್ ಆದರು. ನಿನ್ನ ಮುಂದೆ ಬೇಕಾದಷ್ಟು ಸಮಯ ಇದೆ.

ಪ್ರಶ್ನೆ: ಆರು ನಿಮಿಷದ ವಾರ್ಮ್‌ಅಪ್ ಬಂತೆಂದರೆ ಕಾಲು ನಡುಗುತ್ತದೆ. ಬೇರೆಯವರ ಜಂಪ್ ನೋಡಿ ಇನ್ನಷ್ಟು ಹೆದರುತ್ತೇನೆ. ಶಾಂತವಾಗಿರುವುದು ಹೇಗೆ?

ಉತ್ತರ: ಶಾಂತವಾಗಲೇಬೇಕು ಎಂಬ ಹಟ ಬಿಡಿ. ಎದೆ ಹೊಡೆದುಕೊಳ್ಳುವುದು ಮೈ ಸಿದ್ಧವಾಗುತ್ತಿರುವ ಗುರುತೂ ಹೌದು. ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮುನ್ನ, ಭಾಷಣದ ಮುನ್ನ ‘ನಾನು ಉತ್ಸಾಹದಲ್ಲಿದ್ದೇನೆ’ ಅಂದುಕೊಂಡವರು ಹಾಗೆ ಅಂದುಕೊಳ್ಳದವರಿಗಿಂತ ಚೆನ್ನಾಗಿ ಮಾಡಿದ್ದರು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ, ನಡುಕಕ್ಕೆ ಇಷ್ಟು ಸಾಕು.

ಆರು ನಿಮಿಷಕ್ಕೂ ಬರೆದಿಟ್ಟ ಯೋಜನೆ ಇರಲಿ, ಆಗ ಅಕ್ಕಪಕ್ಕ ನೋಡಲು ಪುರಸೊತ್ತೇ ಸಿಗುವುದಿಲ್ಲ. ಒಂದೆರಡು ಸುತ್ತು ವೇಗವಾಗಿ ಓಡಿ ಐಸ್ ಹೇಗಿದೆ ಎಂದು ಬ್ಲೇಡಿಗೆ ಗೊತ್ತಾಗಲಿ. ಆಮೇಲೆ ಸಿಂಗಲ್, ಡಬಲ್, ನಂತರ ಪ್ರೋಗ್ರಾಂನ ಮೊದಲ ಜಂಪನ್ನು ಅದೇ ಜಾಗದಿಂದ, ಅದೇ ಪ್ರವೇಶದಿಂದ ಮಾಡಿ. ಒಂದು ಜಂಪ್ ಎರಡು ಸಲಕ್ಕಿಂತ ಹೆಚ್ಚು ಬೇಡ. ಎರಡೂ ಕೆಟ್ಟರೆ ಸಿಂಗಲ್ ಮಾಡಿ ಮುಂದಕ್ಕೆ ಹೋಗಿ. ವಾರ್ಮ್‌ಅಪ್‌ನಲ್ಲಿ ಬಿದ್ದು ಸ್ಪರ್ಧೆಯಲ್ಲಿ ನಿಲ್ಲಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಕೊನೆಯ ಅರ್ಧ ನಿಮಿಷ ಜಂಪ್ ಬೇಡ, ಕೋಚ್ ಹತ್ತಿರ ನಿಲ್ಲಿ.

ಆರು ಜನರ ಗುಂಪಿನಲ್ಲಿ ಕೊನೆಯವರಾದರೆ ಅರ್ಧ ಗಂಟೆಗೂ ಹೆಚ್ಚು ಕಾಯಬೇಕಾಗುತ್ತದೆ. ಶೂ ಲೇಸ್ ಸಡಿಲಿಸಿ, ಜಾಕೆಟ್ ಹಾಕಿ, ಓಡಾಡುತ್ತಾ ಮೈ ಬಿಸಿ ಇಟ್ಟುಕೊಳ್ಳಿ. ಅಂಕಗಳ ಪರದೆ ಕಾಣದ ಕಡೆ ಇರಿ. ನಿಮ್ಮ ಹಿಂದಿನವರು ಐಸ್‌ಗೆ ಇಳಿಯುವ ಹೊತ್ತಿಗೆ ಲೇಸ್ ಮತ್ತೆ ಕಟ್ಟಿ ಮುಗಿದಿರಬೇಕು. ಬ್ಲೇಡ್ ಹರಿತ ಮಾಡಿಸುವುದಿದ್ದರೆ ಸ್ಪರ್ಧೆಯ ಮುನ್ನಾದಿನ ಖಂಡಿತ ಬೇಡ, ಒಂದು ವಾರ ಮೊದಲೇ ಮಾಡಿಸಿ ಆ ಎಡ್ಜ್ ಮೇಲೆ ನಾಲ್ಕೈದು ದಿನ ಸ್ಕೇಟ್ ಮಾಡಿರಿ.