ವೈರ್‌ಲೆಸ್ ಚಿಪ್‌ನ ವಿಸಿಒಗೆ (ವೋಲ್ಟೇಜ್‌ನಿಂದ ಫ್ರೀಕ್ವೆನ್ಸಿ ಬದಲಿಸಬಹುದಾದ ಆಸಿಲೇಟರ್) ಅಷ್ಟು ದೊಡ್ಡ ಇಂಡಕ್ಟರ್ ಸುರುಳಿ ಯಾಕೆ, ರಿಂಗ್ ಆಸಿಲೇಟರ್ ಸಾಲದಾ?

ವೈಫೈ, ಬ್ಲೂಟೂತ್‌ಗೆ ಸಾಮಾನ್ಯವಾಗಿ ಸಾಲದು. ಕಾರಣ ಫೇಸ್ ನಾಯ್ಸ್, ಅಂದರೆ ಫ್ರೀಕ್ವೆನ್ಸಿ ಒಂದೇ ಕಡೆ ನಿಲ್ಲದೆ ಅಲುಗಾಡುವುದು. ರಿಂಗ್ ಆಸಿಲೇಟರ್ (ಉಂಗುರದಂತೆ ಜೋಡಿಸಿದ ಟ್ರಾನ್ಸಿಸ್ಟರ್ ಹಂತಗಳು, ಸುರುಳಿ ಇಲ್ಲ) ಪುಟ್ಟದು, ಟ್ಯೂನಿಂಗ್ ರೇಂಜೂ ಜಾಸ್ತಿ, ಆದರೆ ಅಷ್ಟೇ ಪವರ್ ಕೊಟ್ಟರೆ ಇಂಡಕ್ಟರ್, ಕೆಪಾಸಿಟರ್ ಬಳಸುವ ಎಲ್‌ಸಿ ಆಸಿಲೇಟರ್‌ಗಿಂತ ಅದರ ಫ್ರೀಕ್ವೆನ್ಸಿ ತುಂಬಾ ಅಲುಗಾಡುತ್ತದೆ. ಪಕ್ಕದ ಚಾನೆಲ್‌ನಲ್ಲಿ ಯಾರಾದರೂ ಜೋರಾಗಿ ಟ್ರಾನ್ಸ್‌ಮಿಟ್ ಮಾಡುತ್ತಿದ್ದರೆ, ಈ ಅಲುಗಾಟದಿಂದಾಗಿ ಅವರ ಸಿಗ್ನಲ್ ಮಿಕ್ಸರ್‌ನಲ್ಲಿ (ಬಂದ ಸಿಗ್ನಲ್‌ನ ಫ್ರೀಕ್ವೆನ್ಸಿ ಇಳಿಸುವ ಭಾಗ) ನಿಮ್ಮ ಚಾನೆಲ್ ಮೇಲೇ ಬಂದು ಕೂರುತ್ತದೆ.

ಅದಕ್ಕೇ ಎಲ್‌ಸಿ ಟ್ಯಾಂಕ್, ಅಂದರೆ ಇಂಡಕ್ಟರ್-ಕೆಪಾಸಿಟರ್ ಜೋಡಿ. 1 ನ್ಯಾನೋಹೆನ್ರಿ, 1 ಪಿಕೋಫ್ಯಾರಡ್ ಇಟ್ಟರೆ ಸುಮಾರು 5 ಗಿಗಾಹರ್ಟ್ಸ್ ಬರುತ್ತದೆ, ಲೆಕ್ಕ ಹಾಕಿ ನೋಡಿ. ತಲೆನೋವು ಇರುವುದು ಸುರುಳಿಯಲ್ಲಿ. ಒಂದಷ್ಟು ಶಕ್ತಿಯನ್ನು ಲೋಹದ ರೆಸಿಸ್ಟೆನ್ಸ್ ತಿನ್ನುತ್ತದೆ, ಇನ್ನಷ್ಟನ್ನು ಕೆಳಗಿನ ಸಿಲಿಕಾನ್ ಸಬ್‌ಸ್ಟ್ರೇಟ್ ತಿನ್ನುತ್ತದೆ, ಕೊನೆಗೆ ಕ್ಯೂ (ಶಕ್ತಿ ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವುದರ ಅಳತೆ) 10ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಟ್ಯಾಂಕಿನ ಕ್ಯೂ ಎರಡರಷ್ಟಾದರೆ ಫೇಸ್ ನಾಯ್ಸ್ ಸುಮಾರು 6 ಡಿಬಿ ಇಳಿಯುತ್ತದೆ, ಹಾಗಾಗಿ ತೀರಾ ಮೇಲಿನ ದಪ್ಪ ಮೆಟಲ್ ಪದರವನ್ನು ಸುರುಳಿಗೇ ಕೊಡುತ್ತಾರೆ, ಇನ್ನೂರು ಮುನ್ನೂರು ಮೈಕ್ರಾನ್ ಅಗಲದ ಜಾಗ ಹೋದರೂ ಪರವಾಗಿಲ್ಲ ಅಂತ. ಕಳೆದ ಶಕ್ತಿಯನ್ನು ಕ್ರಾಸ್-ಕಪಲ್ಡ್ ಟ್ರಾನ್ಸಿಸ್ಟರ್ ಜೋಡಿ (ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ) ತುಂಬಿಕೊಡುತ್ತದೆ. ಚಿಪ್ ಬಿಸಿಯಾದಾಗಲೂ ಆಸಿಲೇಷನ್ ಶುರುವಾಗಬೇಕಲ್ವಾ, ಆ ಜೋಡಿಯ ಗೇನ್‌ನಲ್ಲಿ ಎರಡು ಮೂರು ಪಟ್ಟು ಮಾರ್ಜಿನ್ ಇಡಿ.

ಇನ್ನೊಂದು ವಿಷಯ. ಇಡೀ ಟ್ಯೂನಿಂಗ್ ರೇಂಜನ್ನು ಒಂದೇ ವ್ಯಾರಾಕ್ಟರ್ (ವೋಲ್ಟೇಜ್‌ಗೆ ತಕ್ಕಂತೆ ಬದಲಾಗುವ ಕೆಪಾಸಿಟರ್) ಮೇಲೆ ಹೇರಬೇಡಿ. ಹಾಗೆ ಮಾಡಿದರೆ ಕಂಟ್ರೋಲ್ ವೋಲ್ಟೇಜ್‌ನಲ್ಲಿ ಚೂರು ನಾಯ್ಸ್ ಇದ್ದರೂ ಫ್ರೀಕ್ವೆನ್ಸಿ ಸಿಕ್ಕಾಪಟ್ಟೆ ಓಡಾಡುತ್ತದೆ. ದೊಡ್ಡ ಹೆಜ್ಜೆಗಳಿಗೆ ಸ್ವಿಚ್ ಇರುವ ಕೆಪಾಸಿಟರ್ ಬ್ಯಾಂಕ್ ಹಾಕಿ, ನಡುವಿನ ಸಣ್ಣ ಹೊಂದಾಣಿಕೆಗಷ್ಟೇ ವ್ಯಾರಾಕ್ಟರ್ ಸಾಕು.

2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ವಿಸಿಒವನ್ನು ಎಷ್ಟೋ ಸಲ 4.8ರಲ್ಲಿ ಓಡಿಸಿ 2ರಿಂದ ಭಾಗಿಸುತ್ತಾರೆ. ಆಂಟೆನಾಗೆ ಹೋಗುವ ಸಿಗ್ನಲ್ ಜೋರು ಮಾಡುವ ಪವರ್ ಆಂಪ್ಲಿಫೈಯರ್ ವಿಸಿಒದ ಫ್ರೀಕ್ವೆನ್ಸಿಯನ್ನು ತನ್ನ ಕಡೆ ಎಳೆಯುವುದು ಆಗ ಕಡಿಮೆ.